ಹಳೆಯ ವಿಂಡೋಸ್, ರೇಡ್ ಡಿಸ್ಕುಗಳು ಮತ್ತು ನಡುವಿನ ಕೊಂಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಸಣ್ಣ ಕಾರ್ಖಾನೆ, ಮುದ್ರಣಾಲಯ, ಸಹಕಾರ ಸಂಘ, ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು. ನಿಮ್ಮಲ್ಲಿ ಹಲವರ ಸರ್ವರ್ ಕೋಣೆಯಲ್ಲಿ ಇಂದಿಗೂ ವಿಂಡೋಸ್ ಎನ್‌ಟಿ 4, ವಿಂಡೋಸ್ 2000 ಅಥವಾ ವಿಂಡೋಸ್ ಸರ್ವರ್ 2003 ಓಡುತ್ತಿದೆ. ಅದನ್ನು ಹೇಳಿಕೊಳ್ಳಲು ಯಾರೂ ಸಂಕೋಚಪಡಬೇಕಿಲ್ಲ. ಲೆಕ್ಕಪತ್ರದ ತಂತ್ರಾಂಶ ಬರೆದುಕೊಟ್ಟವರು ವ್ಯವಹಾರ ಮುಚ್ಚಿ ಹೋಗಿರುತ್ತಾರೆ. ಲಕ್ಷಾಂತರ ರೂಪಾಯಿಯ ಯಂತ್ರವನ್ನು ನಡೆಸುವ ಕಾರ್ಡಿಗೆ ಹೊಸ ಡ್ರೈವರ್ (ಕಾರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಬಂದೇ ಇರುವುದಿಲ್ಲ. ಎಲ್ಲವನ್ನೂ ಬದಲಾಯಿಸಿ ಎಂದು ಉಪದೇಶ ಮಾಡುವುದು ಸುಲಭ. ಆ ಖರ್ಚನ್ನು ಹೊರುವವರು ಉಪದೇಶಕರಲ್ಲ.

ಆದ್ದರಿಂದ ಇಂದು ಒಂದೇ ವಿಷಯವನ್ನು ಹಿಡಿದು ಮಾತನಾಡುತ್ತೇನೆ. ಇಂಥ ಸರ್ವರ್ ಕೈಕೊಟ್ಟಾಗ ವಿಂಡೋಸ್ ಬಹುತೇಕ ಸರಿಯಾಗಿಯೇ ಇರುತ್ತದೆ. ಮುರಿದಿರುವುದು ವಿಂಡೋಸ್‌ಗೂ ಡಿಸ್ಕುಗಳ ಸಾಲಿಗೂ ನಡುವಿನ ಕೊಂಡಿ: ರೇಡ್ ಕಂಟ್ರೋಲರ್ (ಹಲವು ಡಿಸ್ಕುಗಳನ್ನು ಒಂದಾಗಿ ಸೇರಿಸಿ ನಡೆಸುವ ಕಾರ್ಡು), ಅದರ ಡ್ರೈವರ್, ಮತ್ತು ಆ ಕಂಟ್ರೋಲರ್ ಡಿಸ್ಕುಗಳ ಮೇಲೆ ಬರೆದಿಟ್ಟ ಜೋಡಣೆಯ ವಿವರ. ಈ ಮೂರನ್ನೂ ಸರ್ವರ್ ಚೆನ್ನಾಗಿ ನಡೆಯುತ್ತಿರುವಾಗಲೇ ಕಾಪಾಡಿಕೊಳ್ಳಬೇಕು. ನಿಂತ ಮೇಲೆ ಹುಡುಕಲು ಹೊರಟರೆ ತುಂಬಾ ತಡವಾಗಿರುತ್ತದೆ.

ರೇಡ್ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1988ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಮಂಡಿಸಿದ ಪ್ರಬಂಧದಿಂದ. ದೊಡ್ಡ ಬೆಲೆಯ ಒಂದು ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಸೇರಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡಬಹುದು ಎಂಬುದು ಅವರ ವಾದ. ಸರ್ವರ್‌ನಲ್ಲಿ ಈ ಕೆಲಸವನ್ನು ಮಾಡುವುದು ಕಂಟ್ರೋಲರ್ ಕಾರ್ಡು. ಐದು ಡಿಸ್ಕುಗಳಿದ್ದರೂ ಅದು ವಿಂಡೋಸ್‌ಗೆ ತೋರಿಸುವುದು ಒಂದನ್ನೇ. ವಿಂಡೋಸ್ ಅದನ್ನೇ ನಂಬುತ್ತದೆ. ಯಾವ ತುಣುಕು ಯಾವ ಡಿಸ್ಕಿನಲ್ಲಿದೆ, ಪ್ಯಾರಿಟಿ (ಕೆಟ್ಟ ಡಿಸ್ಕಿನ ದತ್ತಾಂಶವನ್ನು ಮರಳಿ ಲೆಕ್ಕ ಹಾಕಲು ಇಡುವ ಹೆಚ್ಚುವರಿ ಮಾಹಿತಿ) ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಎಲ್ಲ ಸರಿಯಾಗಿರುವವರೆಗೆ ಇದೊಂದು ದೊಡ್ಡ ಅನುಕೂಲ. ಕೆಟ್ಟಾಗ ಮಾತ್ರ, ಗುಟ್ಟು ತಿಳಿದಿದ್ದ ಏಕೈಕ ಸಾಕ್ಷಿ ಆ ಕಾರ್ಡು ಎಂಬುದು ಹೊಳೆಯುತ್ತದೆ.

ಈಗ ನೀವೆಲ್ಲ ಕಂಡಿರುವ ನೀಲಿ ಪರದೆಗೆ ಬರೋಣ. ಸ್ಟಾಪ್ 7ಬಿ, ಅಂದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಹಳೆಯ ಸರ್ವರ್ ಸುಟ್ಟುಹೋಯಿತು, ಡಿಸ್ಕಿನ ಪ್ರತಿ ಕೈಯಲ್ಲಿತ್ತು, ಬೇರೆ ಯಂತ್ರಕ್ಕೆ ಹಾಕಿದೆವು, ವಿಂಡೋಸ್ ಲಾಂಛನ ಕೂಡ ಬಂತು, ಆಮೇಲೆ ನೀಲಿ ಪರದೆ. ಲಾಂಛನ ಬಂದ ಮೇಲೆ ಡಿಸ್ಕು ಕಾಣುವುದಿಲ್ಲ ಎಂದರೆ ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಉತ್ತರ ಬೂಟ್ ಆಗುವ ಕ್ರಮದಲ್ಲಿದೆ.

ಎನ್‌ಟಿ ಕುಟುಂಬದ ವಿಂಡೋಸ್ ಏಳುವಾಗ ಡಿಸ್ಕನ್ನು ಎರಡು ದಾರಿಯಲ್ಲಿ ಓದುತ್ತದೆ. ಮೊದಲ ಘಟ್ಟದಲ್ಲಿ ಎನ್‌ಟಿಲೋಡರ್ ಎಂಬ ಸಣ್ಣ ಪ್ರೋಗ್ರಾಂ ಬಯೋಸ್‌ನ (ಯಂತ್ರದಲ್ಲೇ ಅಡಗಿರುವ ಆರಂಭಿಕ ತಂತ್ರಾಂಶ) ನೆರವಿನಿಂದ ಡಿಸ್ಕನ್ನು ಓದಿ, ಕರ್ನಲ್ (ವಿಂಡೋಸ್‌ನ ತಿರುಳು), ಹಾಲ್ (ವಿಂಡೋಸನ್ನು ಯಂತ್ರಕ್ಕೆ ಹೊಂದಿಸುವ ಪದರ), ರಿಜಿಸ್ಟ್ರಿಯ (ವಿಂಡೋಸ್‌ನ ಹೊಂದಾಣಿಕೆಗಳ ದಾಖಲೆ) ಸಿಸ್ಟಂ ಭಾಗ ಮತ್ತು ಬೂಟಿಗೆ ಬೇಕಾದ ಡ್ರೈವರ್‌ಗಳನ್ನು ಮೆಮೊರಿಗೆ ತರುತ್ತದೆ. ಕಂಟ್ರೋಲರ್ ಕಾರ್ಡಿನ ಮೇಲೆಯೇ ಬಯೋಸ್‌ಗೆ ಬೇಕಾದ ಕೋಡು ಇರುವುದರಿಂದ ಈ ಘಟ್ಟ ಯಾವ ಕಾರ್ಡಿದ್ದರೂ ದಾಟುತ್ತದೆ. ಎರಡನೆಯ ಘಟ್ಟದಲ್ಲಿ ಕರ್ನಲ್ ಬಯೋಸನ್ನು ಕೈಬಿಟ್ಟು ತನ್ನದೇ ಡ್ರೈವರ್ ಮೂಲಕ ಅದೇ ಡಿಸ್ಕನ್ನು ಮತ್ತೆ ಹುಡುಕುತ್ತದೆ. ಹೊಸ ಕಾರ್ಡಿನ ಡ್ರೈವರ್ ಅದರ ಬಳಿ ಇಲ್ಲದಿದ್ದರೆ, ಅಥವಾ ಇದ್ದೂ ರಿಜಿಸ್ಟ್ರಿಯಲ್ಲಿ ಬೂಟಿನ ಹೊತ್ತಿಗೇ ಶುರುವಾಗಬೇಕು ಎಂಬ ನಮೂದು ಇಲ್ಲದಿದ್ದರೆ, ಕ್ಷಣದ ಹಿಂದೆ ತಾನು ಎದ್ದುಬಂದ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ಅದೇ 7ಬಿ.

ಪರಿಹಾರವೂ ಇಲ್ಲೇ ಇದೆ. ಹಳೆಯ ಸರ್ವರ್ ಇನ್ನೂ ಜೀವಂತವಾಗಿರುವಾಗ, ಮುಂದೆ ಅದು ಹೋಗಿ ನಿಲ್ಲುವ ಯಂತ್ರದ ಕಂಟ್ರೋಲರ್ ಡ್ರೈವರನ್ನು ಅದರೊಳಗೆ ಸೇರಿಸಿಬಿಡಿ. ಹಳೆಯ ಸರ್ವರ್‌ನಲ್ಲಿ ಖಾಲಿ ಪಿಸಿಐ ಜಾಗವಿದ್ದರೆ ಹೊಸ ಕಾರ್ಡನ್ನು ಒಮ್ಮೆ ಅದರಲ್ಲಿ ಕೂರಿಸಿ, ವಿಂಡೋಸ್ ಅದನ್ನು ಗುರುತಿಸಿ ಡ್ರೈವರ್ ಹಾಕಿಕೊಳ್ಳುವಂತೆ ಮಾಡಿ, ಆಮೇಲೆ ಡಿಸ್ಕಿನ ಪ್ರತಿ ತೆಗೆಯಿರಿ. ಅರ್ಧ ಗಂಟೆಯ ಕೆಲಸ. ಯಂತ್ರ ಸತ್ತ ಮೇಲೆ ಇದನ್ನೇ ಮಾಡಬೇಕೆಂದರೆ ಬೇರೊಂದು ಕಂಪ್ಯೂಟರ್‌ನಲ್ಲಿ ರಿಜಿಸ್ಟ್ರಿ ಬಿಚ್ಚಿ ಕೈಯಾರೆ ತಿದ್ದಬೇಕಾಗುತ್ತದೆ.

ಹೊಸದಾಗಿ ಸ್ಥಾಪಿಸಬೇಕಾಗಿ ಬಂದರೆ ಎಫ್6 ಕೀಲಿಯ ಪ್ರಸಂಗ. ವಿಂಡೋಸ್ 2000, ಎಕ್ಸ್‌ಪಿ, 2003ರ ಸಿಡಿ ಏಳುವಾಗ ಪರದೆಯ ಕೆಳಗೆ ಕೆಲವೇ ಕ್ಷಣ ಎಫ್6 ಒತ್ತುವ ಸೂಚನೆ ಬರುತ್ತದೆ. ಒತ್ತಿದರೆ ಡ್ರೈವರ್ ಕೇಳುತ್ತದೆ. ಕೇಳುವುದು ಫ್ಲಾಪಿಯಲ್ಲಿ ಮಾತ್ರ. ಆ ಫ್ಲಾಪಿಯ ಮೂಲ ಕೋಶದಲ್ಲಿ ‘ಟಿಎಕ್ಸ್‌ಟಿಸೆಟಪ್ ಡಾಟ್ ಓಇಎಂ’ ಎಂಬ ಕಡತ ಇರಲೇಬೇಕು. ಫ್ಲಾಪಿ ಇಲ್ಲದ ಸರ್ವರ್‌ಗಳಲ್ಲಿ ಡ್ರೈವರನ್ನು ಸಿಡಿಯ ಒಳಗೇ ಸೇರಿಸಿ ಹೊಸ ಸಿಡಿ ಸುಡುವುದು ರೂಢಿಯಾಯಿತು. ವಿಸ್ಟಾ ಮತ್ತು ಸರ್ವರ್ 2008 ಬಂದ ಮೇಲೆ ಯುಎಸ್‌ಬಿಯಿಂದಲೂ ಡ್ರೈವರ್ ಕೊಡಬಹುದಾಯಿತು. ನಿಮ್ಮ ಕಪಾಟಿನಲ್ಲಿ ಇಪ್ಪತ್ತು ವರ್ಷದ ಫ್ಲಾಪಿ ಇದ್ದರೆ ಅದನ್ನು ನಂಬಿ ಕೂರಬೇಡಿ. ಇವತ್ತೇ ಓದಿಸಿ, ಅದರ ಇಮೇಜ್ ಕಡತ (ಪೂರ್ತಿ ನಕಲು) ಮಾಡಿ ಮೂರು ಕಡೆ ಇಡಿ. ಕಾರ್ಡು ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ಆ ಡ್ರೈವರ್ ಇನ್ನೂ ಇರುತ್ತದೆ ಎಂದು ಊಹಿಸಬೇಡಿ. ಕಂಪನಿಗಳು ಒಂದನ್ನೊಂದು ಕೊಂಡುಕೊಂಡಾಗ ಮೊದಲು ಮಾಯವಾಗುವುದು ಹಳೆಯ ಡ್ರೈವರ್ ಪುಟಗಳೇ.

ಎನ್‌ಟಿ 4 ಇಟ್ಟುಕೊಂಡವರಿಗೆ ಇನ್ನೊಂದು ಎಚ್ಚರಿಕೆ. 1996ರಲ್ಲಿ ಬಂದ ಈ ವ್ಯವಸ್ಥೆ ಸ್ಥಾಪನೆಯ ವೇಳೆ ವಿಭಾಗವನ್ನು ಮೊದಲು ಫ್ಯಾಟ್ ಎಂಬ ಹಳೆಯ ಕಡತ ವ್ಯವಸ್ಥೆಯಾಗಿ ರೂಪಿಸಿ ಆಮೇಲೆ ಎನ್‌ಟಿಎಫ್‌ಎಸ್ ಎಂಬ ಹೊಸ ವ್ಯವಸ್ಥೆಯಾಗಿ ಮಾಡುತ್ತದೆ. ಹೀಗಾಗಿ ಆಗ ಮಾಡುವ ವಿಭಾಗ 4 ಗಿಗಾಬೈಟ್ ದಾಟುವುದಿಲ್ಲ. ಅದಕ್ಕಿಂತ ಅಪಾಯಕಾರಿಯಾದದ್ದು 7.8 ಗಿಗಾಬೈಟಿನ ಗಡಿ. ಹಳೆಯ ಬಯೋಸ್ ಕರೆಗೆ 1024 ಸಿಲಿಂಡರ್, 255 ಹೆಡ್, 63 ಸೆಕ್ಟರ್‌ಗಳ (ಸೆಕ್ಟರ್ ಎಂದರೆ ಡಿಸ್ಕಿನ 512 ಬೈಟಿನ ತುಂಡು) ಆಚೆ ಎಣಿಸಲು ಬರುವುದಿಲ್ಲ. ಬೂಟಿಗೆ ಬೇಕಾದ ಕಡತಗಳೆಲ್ಲ ಈ ಗಡಿಯೊಳಗೆ ಇರುವವರೆಗೆ ದೊಡ್ಡ ವಿಭಾಗವೂ ಸುಖವಾಗಿ ಏಳುತ್ತದೆ. ಯಾವುದೋ ಒಂದು ದಿನ ಸರ್ವಿಸ್ ಪ್ಯಾಕ್ (ವಿಂಡೋಸ್ ತಿದ್ದುಪಡಿಗಳ ಕಟ್ಟು) ಹಾಕುತ್ತೀರಿ, ಕರ್ನಲ್ ಕಡತ ಹೊಸದಾಗಿ ಬರೆಯಲ್ಪಟ್ಟು ಗಡಿಯ ಆಚೆ ಹೋಗಿ ಕೂರುತ್ತದೆ. ಮರುದಿನ ಸರ್ವರ್ ಏಳುವುದಿಲ್ಲ. ಸರ್ವಿಸ್ ಪ್ಯಾಕನ್ನು ಎಲ್ಲರೂ ಶಪಿಸುತ್ತಾರೆ, ಅದರದ್ದೇನೂ ತಪ್ಪಿರುವುದಿಲ್ಲ. ಬೂಟ್ ವಿಭಾಗವನ್ನು ಚಿಕ್ಕದಾಗಿ, ಡಿಸ್ಕಿನ ಮೊದಲಲ್ಲೇ ಇಡುವುದು ಇದಕ್ಕೆ ಮದ್ದು. ಇದರ ದೊಡ್ಡಣ್ಣ 2 ಟೆರಾಬೈಟಿನ ಗಡಿ. ಡಿಸ್ಕಿನ ವಿಭಾಗಗಳನ್ನು ನಮೂದಿಸುವ ಎಂಬಿಆರ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇರುವುದರಿಂದ ಅದರಾಚೆ ಹೋಗುವಂತಿಲ್ಲ. ದೊಡ್ಡ ಡಿಸ್ಕು ಹಾಕಲೇಬೇಕಾದರೆ ಕಂಟ್ರೋಲರ್‌ನಲ್ಲೇ 2 ಟೆರಾಬೈಟಿಗಿಂತ ಚಿಕ್ಕ ಭಾಗಗಳಾಗಿ ಕತ್ತರಿಸಿ ತೋರಿಸಿ.

ಇನ್ನು 63ನೆಯ ಸೆಕ್ಟರ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ವರ್ಷಗಟ್ಟಲೆ ಸರ್ವರ್ ನಿಧಾನ ಎಂದು ದೂರುವ ಎಷ್ಟೋ ಕಡೆ ಕಾರಣ ಇಲ್ಲಿರುತ್ತದೆ. ಸರ್ವರ್ 2003ರವರೆಗಿನ ವಿಂಡೋಸ್ ಮೊದಲ ವಿಭಾಗವನ್ನು 63ನೆಯ ಸೆಕ್ಟರ್‌ನಿಂದ ಶುರು ಮಾಡುತ್ತದೆ. ಅಂದರೆ ಡಿಸ್ಕಿನ ಆರಂಭದಿಂದ 31.5 ಕಿಲೋಬೈಟ್ ದೂರ. ನಿಮ್ಮ ಕಂಟ್ರೋಲರ್ ಪ್ರತಿ ಡಿಸ್ಕಿಗೆ 64 ಕಿಲೋಬೈಟ್ ತುಣುಕು ಹಂಚುತ್ತಿದೆ ಎಂದುಕೊಳ್ಳಿ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶ ಎಂಟು ಕಿಲೋಬೈಟಿನ ಎಂಟು ಪುಟ ಸೇರಿಸಿ 64 ಕಿಲೋಬೈಟಿನ ಗುಚ್ಛ ಮಾಡುತ್ತದೆ. ಆ ಗುಚ್ಛ ಒಂದು ಡಿಸ್ಕಿನ ತುಣುಕಿಗೆ ಸರಿಯಾಗಿ ಕೂತರೆ ಒಂದೇ ಡಿಸ್ಕು ಓದಿದರೆ ಸಾಕು. ಆರಂಭವೇ ಪಕ್ಕಕ್ಕೆ ಸರಿದಿರುವುದರಿಂದ ಪ್ರತಿ ಗುಚ್ಛವೂ ಎರಡು ಡಿಸ್ಕುಗಳ ಮೇಲೆ ಚಾಚಿಕೊಳ್ಳುತ್ತದೆ. ಒಂದು ಓದು ಎರಡಾಗುತ್ತದೆ. ಪ್ಯಾರಿಟಿಯನ್ನು ಎಲ್ಲ ಡಿಸ್ಕುಗಳಲ್ಲೂ ಹಂಚುವ ರೇಡ್ 5ರಲ್ಲಿ ಬರೆಯುವಾಗ ಇನ್ನೂ ಕಷ್ಟ. ಒಂದು ಸಣ್ಣ ಬರಹಕ್ಕೆ ಹಳೆಯ ದತ್ತಾಂಶ ಓದು, ಹಳೆಯ ಪ್ಯಾರಿಟಿ ಓದು, ಹೊಸ ದತ್ತಾಂಶ ಬರೆ, ಹೊಸ ಪ್ಯಾರಿಟಿ ಬರೆ ಎಂದು ಹೇಗೂ ನಾಲ್ಕು ಕೆಲಸ. ಗಡಿ ದಾಟಿದ ಬರಹಕ್ಕೆ ಅದು ಆರಕ್ಕೋ ಎಂಟಕ್ಕೋ ಏರುತ್ತದೆ. ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕ್ ಹಾಕಿದ್ದರೆ ಡಿಸ್ಕ್‌ಪಾರ್ಟ್ ಆಜ್ಞೆಗೆ ‘ಅಲೈನ್’ ಸೂಚನೆ ಕೊಟ್ಟು ವಿಭಾಗ ಮಾಡಬಹುದು. ಸರ್ವರ್ 2008ರಿಂದ ಆರಂಭ ತಾನಾಗಿಯೇ 1 ಮೆಗಾಬೈಟಿಗೆ ಸರಿಯಿತು. ಇರುವ ವಿಭಾಗವನ್ನು ಹಾಗೆಯೇ ಸರಿಸಲು ವಿಂಡೋಸ್‌ನಲ್ಲಿ ದಾರಿಯಿಲ್ಲ. ದತ್ತಾಂಶ ತೆಗೆದು, ಮತ್ತೆ ಮಾಡಿ, ಮರಳಿ ಹಾಕಬೇಕು. ದತ್ತಾಂಶದ ವಿಭಾಗಕ್ಕಾದರೂ ಇದನ್ನು ಮಾಡಿ.

ನಿಧಾನವಾಯಿತು ಎಂಬ ದೂರಿಗೆ ಇನ್ನೊಂದು ಕಾರಣವೂ ಇದೆ. ಅದು ರಾತ್ರೋರಾತ್ರಿ ಬರುತ್ತದೆ. ಕಂಟ್ರೋಲರ್ ಮೇಲೆ ಬರಹದ ಕ್ಯಾಶ್ ಮೆಮೊರಿ, ಅದಕ್ಕೊಂದು ಬ್ಯಾಟರಿ ಇರುತ್ತದೆ. ವಿದ್ಯುತ್ ಹೋದರೆ ಇನ್ನೂ ಡಿಸ್ಕಿಗೆ ಇಳಿಯದ ದತ್ತಾಂಶವನ್ನು ಎರಡು ಮೂರು ದಿನ ಹಿಡಿದಿಡುವುದು ಬ್ಯಾಟರಿಯ ಕೆಲಸ. ಅದು ಮುದಿಯಾದಾಗ ಕಂಟ್ರೋಲರ್ ಜಾಗರೂಕತೆಯಿಂದ ಕ್ಯಾಶ್ ಬಳಸುವುದನ್ನೇ ನಿಲ್ಲಿಸಿ, ಪ್ರತಿ ಬರಹವನ್ನೂ ನೇರ ಡಿಸ್ಕಿಗೆ ಕಳಿಸುತ್ತದೆ. ವಿಂಡೋಸ್ ಒಳಗೆ ಏನೂ ಬದಲಾಗಿರುವುದಿಲ್ಲ, ವೇಗ ಮಾತ್ರ ಕುಸಿದಿರುತ್ತದೆ. ಬ್ಯಾಟರಿ ಇಲ್ಲದೆಯೇ ಕ್ಯಾಶ್ ಆನ್ ಮಾಡುವ ಆಯ್ಕೆಯೂ ಮೆನುವಿನಲ್ಲಿ ಇರುತ್ತದೆ. ನಮ್ಮ ಊರುಗಳ ವಿದ್ಯುತ್ತಿನಲ್ಲಿ ಅದನ್ನು ದಯವಿಟ್ಟು ಮುಟ್ಟಬೇಡಿ. ಯುಪಿಎಸ್ ಇದೆಯಲ್ಲ ಎನ್ನುವವರು ಸರ್ವರ್‌ನ ವಿದ್ಯುತ್ ಘಟಕವೇ ಸುಡುವ ಸಂದರ್ಭವನ್ನೂ ಯೋಚಿಸಬೇಕು. ಬ್ಯಾಟರಿ ಬದಲಿಸಿ.

ಈಗ ನಿಜವಾದ ಅನಾಹುತದ ವಿಷಯ. ಒಂದು ಮುದ್ರಣಾಲಯದಲ್ಲಿ ಸರ್ವರ್ 2003, ಐದು ಸ್ಕಸಿ (ಹಳೆಯ ಸರ್ವರ್‌ಗಳ ಡಿಸ್ಕ್ ಸಂಪರ್ಕ ಪದ್ಧತಿ) ಡಿಸ್ಕುಗಳ ರೇಡ್ 5. ಒಂದು ಡಿಸ್ಕಿನ ಹಳದಿ ದೀಪ ತಿಂಗಳುಗಳಿಂದ ಉರಿಯುತ್ತಿತ್ತು. ಕೆಲಸ ನಡೆಯುತ್ತಿದ್ದುದರಿಂದ ಯಾರೂ ಗಮನಿಸಲಿಲ್ಲ. ಎರಡನೆಯ ಡಿಸ್ಕು ಬಿದ್ದಾಗ ಎಲ್ಲ ನಿಂತಿತು. ಇಂಥ ಹೊತ್ತಿನಲ್ಲಿ ಕಂಟ್ರೋಲರ್ ಮೆನು ತೆರೆದರೆ ಎರಡು ಪ್ರಲೋಭನೆಗಳು ಎದುರಾಗುತ್ತವೆ. ಒಂದು ‘ಇನಿಷಿಯಲೈಸ್’: ಅದು ಡಿಸ್ಕುಗಳ ಮೇಲೆ ಸೊನ್ನೆ ಬರೆಯುತ್ತದೆ, ಕಥೆ ಮುಗಿಯುತ್ತದೆ. ಇನ್ನೊಂದು, ಮೊದಲು ಬಿದ್ದ ಡಿಸ್ಕನ್ನು ಬಲವಂತವಾಗಿ ‘ಆನ್‌ಲೈನ್’ ಮಾಡುವುದು. ಇದು ನೋಡಲು ಯಶಸ್ಸಿನಂತೆಯೇ ಇರುತ್ತದೆ, ವಿಂಡೋಸ್ ಏಳಲೂಬಹುದು. ಆದರೆ ಆ ಡಿಸ್ಕಿನಲ್ಲಿರುವುದು ತಿಂಗಳುಗಳ ಹಿಂದಿನ ದತ್ತಾಂಶ. ಹೊಸದರ ಜೊತೆ ಹಳೆಯದು ಬೆರೆತು, ಚೆಕ್‌ಡಿಸ್ಕ್ ಅದನ್ನು ‘ಸರಿಪಡಿಸಲು’ ಹೊರಟರೆ ಉಳಿದದ್ದೂ ಹಾಳಾಗುತ್ತದೆ. ಉಳಿಸಬೇಕಾದದ್ದು ಕೊನೆಗೆ ಬಿದ್ದ ಡಿಸ್ಕನ್ನು.

ಆ ಮುದ್ರಣಾಲಯದಲ್ಲಿ ನಾವು ಮಾಡಿದ ಕ್ರಮ ಹೀಗಿತ್ತು. ಪ್ರತಿ ಡಿಸ್ಕಿನ ಮೇಲೆ ಅದಿದ್ದ ಗೂಡಿನ ಸಂಖ್ಯೆ ಬರೆದು ಹೊರತೆಗೆದೆವು. ರೇಡ್ ಇಲ್ಲದ ಸಾಮಾನ್ಯ ಸ್ಕಸಿ ಕಾರ್ಡು ಹಾಕಿದ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಕೆಟ್ಟ ಡಿಸ್ಕಿನಿಂದಲೂ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಬಳಸಿ, ಒಂದೊಂದಾಗಿ ಇಮೇಜ್ ಕಡತ ಮಾಡಿದೆವು. ಕೊನೆಗೆ ಬಿದ್ದ ಡಿಸ್ಕು ಕೆಲವು ಸೆಕ್ಟರ್ ಬಿಟ್ಟು ಉಳಿದದ್ದನ್ನು ಕೊಟ್ಟಿತು. ಮುಂದಿನ ಕೆಲಸವೆಲ್ಲ ಇಮೇಜ್‌ಗಳ ಮೇಲೆ. ಮೂಲ ಡಿಸ್ಕುಗಳನ್ನು ಮತ್ತೆ ಮುಟ್ಟಲಿಲ್ಲ. ಕಂಟ್ರೋಲರ್‌ನ ಜೋಡಣೆಯ ವಿವರ ಯಾರ ಬಳಿಯೂ ಇರಲಿಲ್ಲವಾದ್ದರಿಂದ ಡಿಸ್ಕುಗಳ ಕ್ರಮ, ತುಣುಕಿನ ಗಾತ್ರ, ಪ್ಯಾರಿಟಿ ಸುತ್ತುವ ದಿಕ್ಕು ಮೂರನ್ನೂ ದತ್ತಾಂಶದಿಂದಲೇ ಹುಡುಕಬೇಕಾಯಿತು.

ಇದಕ್ಕೆ ಎನ್‌ಟಿಎಫ್‌ಎಸ್ ತಾನೇ ಸಹಾಯ ಮಾಡುತ್ತದೆ. ಅದರ ಮುಖ್ಯ ಕಡತ ಪಟ್ಟಿಯಲ್ಲಿ ಪ್ರತಿ ದಾಖಲೆ 1 ಕಿಲೋಬೈಟ್, ‘ಫೈಲ್’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದ ಆರಂಭ. ಎಕ್ಸ್‌ಪಿಯಿಂದ ಮುಂದೆ ಪ್ರತಿ ದಾಖಲೆಯ ತಲೆಯಲ್ಲಿ ಅದರ ಕ್ರಮಸಂಖ್ಯೆಯೂ ಇರುತ್ತದೆ. ಇಮೇಜನ್ನು ಹೆಕ್ಸ್ ರೂಪದಲ್ಲಿ ತೆರೆದು ಆ ಸಂಖ್ಯೆಗಳನ್ನು ಓದುತ್ತಾ ಹೋದರೆ ಒಂದು ಡಿಸ್ಕಿನಲ್ಲಿ ಸುಮಾರು 64 ದಾಖಲೆ ಸಾಲಾಗಿ ಬಂದು ಸಂಖ್ಯೆ ಹಠಾತ್ತನೆ ಜಿಗಿಯುತ್ತದೆ. ತುಣುಕಿನ ಗಾತ್ರ 64 ಕಿಲೋಬೈಟ್ ಎಂದು ಅಲ್ಲೇ ತಿಳಿಯಿತು. ನಡುವೆ ಬಿಟ್ಟುಹೋದ ಸಂಖ್ಯೆಗಳು ಯಾವ ಇಮೇಜ್‌ನಲ್ಲಿ ಮುಂದುವರಿಯುತ್ತವೋ ಅದು ಮುಂದಿನ ಡಿಸ್ಕು. ವಿಭಾಗ 63ನೆಯ ಸೆಕ್ಟರ್‌ನಿಂದ ಶುರುವಾಗಿದ್ದುದರಿಂದ ಪ್ರತಿ ಗಡಿಯಲ್ಲೂ ಒಂದು ದಾಖಲೆ ಅರ್ಧಕ್ಕೆ ತುಂಡಾಗಿ, ಮೊದಲ 512 ಬೈಟ್ ಒಂದು ಡಿಸ್ಕಿನಲ್ಲೂ ಉಳಿದ 512 ಇನ್ನೊಂದರಲ್ಲೂ ಇದ್ದವು. ಹೊಂದಿಸಿ ನೋಡಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಪ್ಯಾರಿಟಿ ತುಣುಕನ್ನು ಗುರುತಿಸುವುದೂ ಸುಲಭವಾಯಿತು. ಐದು ಡಿಸ್ಕಿನ ರೇಡ್ 5ರಲ್ಲಿ ನಾಲ್ಕು ದತ್ತಾಂಶ ತುಣುಕು, ಒಂದು ಪ್ಯಾರಿಟಿ. ನಾಲ್ಕು ಕಡೆಯೂ ಒಂದೇ ಅಕ್ಷರ ಇದ್ದರೆ ಅವುಗಳ ಎಕ್ಸ್‌ಓಆರ್ (ಪ್ಯಾರಿಟಿ ಕಂಡುಹಿಡಿಯುವ ಬಿಟ್ ಲೆಕ್ಕ) ಸೊನ್ನೆ. ಹೀಗೆ ‘ಫೈಲ್’ ಎಂದು ಇರಬೇಕಾದ ಜಾಗದಲ್ಲಿ ನಾಲ್ಕು ಸೊನ್ನೆ ಕಂಡರೆ ಅದು ಪ್ಯಾರಿಟಿ. ಸಾಲಿನಿಂದ ಸಾಲಿಗೆ ಆ ಸೊನ್ನೆಗಳು ಯಾವ ಕಡೆ ಸರಿಯುತ್ತವೆ ಎಂಬುದೇ ಸುತ್ತುವ ದಿಕ್ಕು. ಮೊದಲು ಬಿದ್ದ ಡಿಸ್ಕನ್ನು ಹೊರಗಿಟ್ಟು ನಾಲ್ಕು ಇಮೇಜ್‌ಗಳಿಂದ ಐದನೆಯದನ್ನು ಲೆಕ್ಕ ಹಾಕಿ ಇಡೀ ವಿಭಾಗವನ್ನು ಮರಳಿ ಕಟ್ಟಿದೆವು.

ಈ ಶ್ರಮವನ್ನೆಲ್ಲ ಒಂದು ಹಾಳೆ ತಪ್ಪಿಸುತ್ತಿತ್ತು. ಕಂಟ್ರೋಲರ್‌ನ ಮಾದರಿ, ಫರ್ಮ್‌ವೇರ್ ಆವೃತ್ತಿ, ರೇಡ್ ಮಟ್ಟ, ತುಣುಕಿನ ಗಾತ್ರ, ಯಾವ ಗೂಡಿನಲ್ಲಿ ಯಾವ ಕ್ರಮಸಂಖ್ಯೆಯ ಡಿಸ್ಕು. ಇಷ್ಟನ್ನು ಕಾಗದದ ಮೇಲೆ ಬರೆದು ಸರ್ವರ್ ಬಾಗಿಲ ಒಳಗೆ ಅಂಟಿಸಿ. ಕಂಪ್ಯೂಟರ್‌ನಲ್ಲಿ, ಅದರಲ್ಲೂ ಅದೇ ಸರ್ವರ್‌ನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದು ಕಂಟ್ರೋಲರನ್ನು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಕೊಂಡು, ಪರೀಕ್ಷಿಸಿ, ಎತ್ತಿಡಿ. ಕಾರ್ಡು ಬದಲಿಸಿದಾಗ ‘ಫಾರಿನ್ ಕಾನ್ಫಿಗರೇಷನ್’ (ಬೇರೆ ಕಾರ್ಡು ಬರೆದ ಜೋಡಣೆ) ಎಂದು ಕೇಳಿದರೆ ಆಮದು ಮಾಡಿಕೊಳ್ಳಿ, ಅಳಿಸಬೇಡಿ. ಬಿಡಿ ಡಿಸ್ಕುಗಳನ್ನೂ ಹಾಗೆಯೇ ಇಟ್ಟುಕೊಳ್ಳಿ: 36, 73, 146 ಗಿಗಾಬೈಟಿನ 80 ಪಿನ್ ಸ್ಕಸಿ ಡಿಸ್ಕುಗಳು ಈಗ ಬಳಸಿದವೇ ಸಿಗುವುದು.

ಈ ಸರ್ವರ್‌ಗಳ ಶಾಶ್ವತ ಮನೆ ಮಾತ್ರ ವರ್ಚುಯಲ್ ಯಂತ್ರವೇ (ತಂತ್ರಾಂಶ ಅನುಕರಿಸುವ ಕಂಪ್ಯೂಟರ್) ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇಂದಿನ ಹಲವು ಸರ್ವರ್‌ಗಳಲ್ಲಿ ಹಳೆಯ ಬಯೋಸ್ ಇಲ್ಲ, ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕಿಗೆ ವಿಂಡೋಸ್ 2000ದಲ್ಲಿ ಡ್ರೈವರ್ ಇಲ್ಲ, 4 ಕಿಲೋಬೈಟ್ ಸೆಕ್ಟರ್‌ನ ಡಿಸ್ಕನ್ನು ಸರ್ವರ್ 2012ಕ್ಕಿಂತ ಹಳೆಯ ವಿಂಡೋಸ್ ಒಪ್ಪುವುದಿಲ್ಲ. ವರ್ಚುಯಲ್ ಯಂತ್ರವಾದರೋ ಅದಕ್ಕೆ ಪರಿಚಿತವಾದ ಹಳೆಯ ಕಾರ್ಡನ್ನೇ ಅನುಕರಿಸಿ ತೋರಿಸುತ್ತದೆ. ವಿಎಂವೇರ್ ಎಂಬ ವರ್ಚುಯಲ್ ಯಂತ್ರದ ತಂತ್ರಾಂಶದಲ್ಲಿ ಎನ್‌ಟಿ 4ಕ್ಕೆ ಬಸ್‌ಲಾಜಿಕ್, ಸರ್ವರ್ 2003ಕ್ಕೆ ಎಲ್‌ಎಸ್‌ಐ ಲಾಜಿಕ್ ಆರಿಸಿ. ಎರಡಕ್ಕೂ ಡ್ರೈವರ್ ವಿಂಡೋಸ್ ಒಳಗೇ ಇದೆ. ಯಾವುದೂ ಹೊಂದದಿದ್ದರೆ ಡಿಸ್ಕನ್ನು ಐಡಿಇ (ಹಳೆಯ ಸಾಮಾನ್ಯ ಪಿಸಿಗಳ ಸಂಪರ್ಕ) ಆಗಿ ತೋರಿಸಿ, ಒಮ್ಮೆ ಎದ್ದ ಮೇಲೆ ಬದಲಾಯಿಸಿ. ಕೆಳಗಿನ ನಿಜವಾದ ಡಿಸ್ಕುಗಳ ಚಿಂತೆಯನ್ನು ಹೊಸ ಲಿನಕ್ಸ್ ಅಥವಾ ಹೊಸ ವಿಂಡೋಸ್ ನೋಡಿಕೊಳ್ಳುತ್ತದೆ. ಹಾಲ್ ಹೊಂದಾಣಿಕೆ ಮತ್ತು ಪ್ಯಾರಲಲ್ ಪೋರ್ಟಿನ ಡಾಂಗಲ್ (ತಂತ್ರಾಂಶದ ಪರವಾನಗಿ ಬೀಗ), ಈ ಎರಡನ್ನು ಮೊದಲೇ ಪರೀಕ್ಷಿಸಿ. ವಿಶೇಷ ಕಾರ್ಡಿನಿಂದ ಯಂತ್ರ ನಡೆಸುವ ಕಾರ್ಖಾನೆಗಳು ಮಾತ್ರ ಹಳೆಯ ಕಬ್ಬಿಣದಲ್ಲೇ ಉಳಿಯಬೇಕಾದೀತು.

ಜಾಲದ ಬಗ್ಗೆ ಎರಡೇ ಮಾತು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ, ವಿಂಡೋಸ್ ಕಡತ ಹಂಚಿಕೆಯ ಎಸ್‌ಎಂಬಿ ನಿಯಮಾವಳಿಯ ಮೊದಲ ಆವೃತ್ತಿಯ ದೋಷವನ್ನು ಬಳಸಿತ್ತು. ಬೆಂಬಲ ನಿಂತಿದ್ದ ಎಕ್ಸ್‌ಪಿ ಮತ್ತು 2003ಕ್ಕೂ ಮೈಕ್ರೋಸಾಫ್ಟ್ ಆಗ ವಿಶೇಷ ತಿದ್ದುಪಡಿ ಕೊಟ್ಟಿತು, ಅದನ್ನಾದರೂ ಹಾಕಿ. ಹಳೆಯ ಸರ್ವರನ್ನು ಇಂಟರ್‌ನೆಟ್ಟಿಗೆ ತೆರೆಯಬೇಡಿ, ಪ್ರತ್ಯೇಕ ಜಾಲದಲ್ಲಿಟ್ಟು ಅದಕ್ಕೆ ಬೇಕಾದ ಒಂದೆರಡು ಪೋರ್ಟುಗಳನ್ನಷ್ಟೇ ಬಿಡಿ.

ಕನ್ನಡದ ದತ್ತಾಂಶ ಇರುವವರಿಗೆ ವಿಶೇಷವಾಗಿ ಒಂದು ವಿನಂತಿ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ತುಂಗಾ ಫಾಂಟಿನೊಂದಿಗೆ ಬಂದದ್ದು ಎಕ್ಸ್‌ಪಿಯಲ್ಲಿ. ಅದಕ್ಕೆ ಮೊದಲಿನ, ಅದರ ನಂತರವೂ ಎಷ್ಟೋ ವರ್ಷದ ಕಡತಗಳು ಫಾಂಟಿನ ಸಂಕೇತದಲ್ಲೇ ಇವೆ. ಆ ಫಾಂಟ್ ಇಲ್ಲದಿದ್ದರೆ ಡಿಸ್ಕು ಪೂರ್ತಿ ಉಳಿದರೂ ಓದಲು ಸಿಗುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಫಾಂಟ್ ಕೋಶವನ್ನು ಪೂರ್ತಿಯಾಗಿ ಪ್ರತಿ ಮಾಡಿಟ್ಟುಕೊಳ್ಳಿ, ಯಾವ ಕಡತಕ್ಕೆ ಯಾವ ಫಾಂಟ್ ಎಂಬುದನ್ನೂ ಬರೆದಿಡಿ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು ಕೇಳಿದ ಪ್ರಶ್ನೆ: ವರ್ಚುಯಲ್ ಯಂತ್ರಕ್ಕೆ ಸಾಗಿಸಿದ ಮೇಲೆ ಹಳೆಯ ಸರ್ವರನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು? ಕನಿಷ್ಠ ಒಂದು ತಿಂಗಳ ಕೊನೆಯ ಲೆಕ್ಕ ಮತ್ತು ಒಂದು ಮಾರ್ಚ್ 31ರ ಲೆಕ್ಕ ಹೊಸ ಜಾಗದಲ್ಲಿ ಮುಗಿಯುವವರೆಗೆ ಎಂದೆ. ಆದರೆ ಅದರ ಮೇಲೆ ಭರವಸೆ ಇಡಬೇಡಿ ಎಂದೂ ಸೇರಿಸಿದೆ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕು ಒಮ್ಮೆ ತಣ್ಣಗಾದ ಮೇಲೆ ಮತ್ತೆ ತಿರುಗದೇ ಹೋಗಬಹುದು. ಹಾಗಾಗಿ ಕೊನೆಯ ಬಾರಿಗೆ ಸ್ವಿಚ್ ಆರಿಸುವ ಮೊದಲೇ ಪೂರ್ತಿ ಇಮೇಜ್ ತೆಗೆದು, ಆ ಇಮೇಜ್‌ನಿಂದ ಒಂದು ವರ್ಚುಯಲ್ ಯಂತ್ರ ನಿಜವಾಗಿಯೂ ಎದ್ದು, ಲೆಕ್ಕಪತ್ರದ ತಂತ್ರಾಂಶ ತೆರೆದು, ಒಂದು ವರದಿ ಮುದ್ರಣವಾಗುವುದನ್ನು ಕಣ್ಣಾರೆ ನೋಡಿ.